ಹೊಂಡದ ಕೆಳಗಿನ ಮಾಳಿಗೆ

ಕೂತಿರಾ? ಹಿಂದಿನವರಿಗೆ ಕೇಳುತ್ತಾ? ಕೇಳದಿದ್ದರೆ ಮುಂದೆ ಬನ್ನಿ. ಇದು ಕೂಗಿ ಹೇಳುವ ಕಥೆಯಲ್ಲ.

ಒಂದು ಊರಿತ್ತು. ಹೆಸರೂ ಇತ್ತು, ಬಾಯಿಂದ ಬಾಯಿಗೆ ದಾಟುವಾಗ ಎಲ್ಲೋ ಬಿದ್ದುಹೋಯಿತು. ಆ ಊರಲ್ಲಿ ಒಂದು ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಹೊಂಡ. ಸುತ್ತ ಕಲ್ಲು ಕಟ್ಟಿದ ಹೊಂಡ. ಎಮ್ಮೆಯೊಂದು ಮಲಗಿದರೆ ಮತ್ತೊಂದಕ್ಕೆ ಜಾಗವಿಲ್ಲ, ಅಷ್ಟು ಸಣ್ಣದು. ಅದನ್ನು ನಂಬಿಕೊಂಡು ನಾಲ್ಕು ಬಾಳೆಗಿಡ, ಒಂದು ಮಡಿ ಸೊಪ್ಪು, ಒಂದು ಜೋಡಿ ಬಾತುಕೋಳಿ.

ಮನೆಯಲ್ಲಿದ್ದವರು ಇಬ್ಬರು. ಕೆಂಚವ್ವ ಮತ್ತು ಅವಳ ಗಂಡ ಬೊಮ್ಮಣ್ಣ. ಮೂರನೆಯವಳೊಬ್ಬಳಿದ್ದಳು, ಬೊಮ್ಮಣ್ಣನ ತಾಯಿ ಮಾಳವ್ವ. ಈ ಕಥೆಗೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದಳು.

ಬೊಮ್ಮಣ್ಣ ಕೆಟ್ಟವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಎದುರು ಮಾತಾಡುತ್ತಿರಲಿಲ್ಲ. ಕರೆದರೆ ಸಾಕು, "ಬಂದೆ" ಅನ್ನುತ್ತಿದ್ದ.

"ಬೊಮ್ಮಾ, ಸೌದೆ ತಾರೋ." "ಬಂದೆ ಅವ್ವಾ."

"ಬೊಮ್ಮಾ, ಮಾಳಿಗೆ ಸೋರ್ತಿದೆ ಕಣೋ." "ಬಂದೆ ಅವ್ವಾ."

"ಬೊಮ್ಮಾ, ಎದೆ ಹಿಡ್ಕೊಂಡಿದೆ ಕಣೋ." "ಬಂದೆ ಅವ್ವಾ."

ಅಂದವನು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಬಂದೆ ಅನ್ನುವುದು ಬೇರೆ, ಬರುವುದು ಬೇರೆ. ನೀವೂ ಅನ್ನುತ್ತೀರಿ, ನಾನೂ ಅನ್ನುತ್ತೇನೆ. ಅಂದು ಕೂತೇ ಇರುತ್ತೇವೆ. ಅದರಿಂದ ಯಾರೂ ಸತ್ತಿಲ್ಲ. ಮಾಳವ್ವ ಒಬ್ಬಳನ್ನು ಬಿಟ್ಟರೆ.

ಸರಿ. ಒಂದು ಬೇಸಿಗೆ, ಹೊಂಡದ ನೀರು ಇಳಿಯತೊಡಗಿತು.

"ರೀ, ನೀರು ಇಳೀತಿದೆ" ಅಂದಳು ಕೆಂಚವ್ವ.

"ಬಿಸಿಲು ಕಣೆ. ಬಿಸಿಲು ಕುಡಿಯುತ್ತೆ" ಅಂದ ಬೊಮ್ಮಣ್ಣ.

ಕೆಂಚವ್ವ ಒಂದು ಮಡಕೆಗೆ ನೀರು ತುಂಬಿ ಹೊಂಡದ ಮೆಟ್ಟಿಲ ಮೇಲಿಟ್ಟಳು. ಅದೇ ಬಿಸಿಲು, ಅದೇ ಗಾಳಿ. ಸಂಜೆ ನೋಡಿದರೆ ಮಡಕೆಯಲ್ಲಿ ಉಗುರಿನಷ್ಟು ಇಳಿದಿತ್ತು, ಹೊಂಡದಲ್ಲಿ ಗೇಣು.

"ಬಿಸಿಲಿಗೆ ಮಡಕೆ ನೀರು ಸೇರಲ್ಲ ಅಂತ ಕಾಣುತ್ತೆ" ಅಂದ ಬೊಮ್ಮಣ್ಣ. "ಇಲ್ಲಾಂದ್ರೆ ಬಾತುಕೋಳಿ."

ಬಾತುಕೋಳಿಗಳನ್ನು ಬುಟ್ಟಿ ಮುಚ್ಚಿ ಕೂಡಿಹಾಕಿದಳು. ನೀರು ಇಳಿಯಿತು.

"ಇಲ್ಲಾಂದ್ರೆ ಬಾಳೆ ಬೇರು."

ಬೇರಿನ ಬದಿಯಲ್ಲಿ ಅಗೆದು ನೋಡಿದಳು. ಬೇರು ಬೇರಿನ ಪಾಡಿಗಿತ್ತು. ನೀರು ಇಳಿಯಿತು.

ಇಳಿದು ಇಳಿದು, ಕೊನೆಗೆ ಹೊಂಡದೊಳಗಿನ ಒಗೆಯುವ ಕಲ್ಲಿನ ಬುಡಕ್ಕೆ ಬಂದು ನಿಂತಿತು. ನಿಂತಿದ್ದು ನಿಂತೇಬಿಟ್ಟಿತು. ಕೆಂಚವ್ವನಿಗೆ ತಿಳಿಯಿತು: ನೀರು ಎಲ್ಲಿ ನಿಲ್ಲುತ್ತದೋ ತೂತು ಅಲ್ಲೇ ಇರಬೇಕು. ಮಾರನೆಯ ಬೆಳಿಗ್ಗೆ ನಾಲ್ಕು ಕೊಡ ನೀರು ಸುರಿದು, ಅಲೆ ನಿಂತ ಮೇಲೆ ಒಂದು ಹಿಡಿ ತೌಡು ಚೆಲ್ಲಿ, ಉಸಿರು ಬಿಗಿಹಿಡಿದು ನೋಡುತ್ತ ಕೂತಳು.

ತೌಡು ಮೊದಲು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ತಿರುಗಿತು. ಆಮೇಲೆ ಮದುವೆಮನೆಯಲ್ಲಿ ಊಟಕ್ಕೆ ಕರೆದ ಹಾಗೆ ಎಲ್ಲ ಒಂದೇ ಕಡೆ ಹೊರಟಿತು. ಒಗೆಯುವ ಕಲ್ಲಿನ ಬುಡದಲ್ಲಿ ಮುಷ್ಟಿಗಾತ್ರದ ಒಂದು ಸಂದಿ. ತೌಡು ಸಾಲಾಗಿ ಅದರೊಳಗೆ ಹೋಯಿತು.

ಕೆಂಚವ್ವ ಬಗ್ಗಿ ಸಂದಿಗೆ ಕಿವಿ ಇಟ್ಟಳು.

ಕೇಳಿ ಈಗ. ಏನು ಕೇಳಬೇಕು? ನೀರು ಮಣ್ಣಿಗೆ ಇಂಗುವ ಸದ್ದು, ಹೌದು ತಾನೆ? ಅದಲ್ಲ. ಟಣ್. ಟಣ್. ಟಣ್. ಹನಿ ಪಾತ್ರೆಗೆ ಬೀಳುವ ಸದ್ದು. ಸೋರುವ ಮನೆಯಲ್ಲಿ ಬಾಳಿದವರಿಗೆ ಅದು ಗೊತ್ತು. ಕೆಳಗೆ ಯಾರೋ ಸೋರುವ ಕಡೆ ಪಾತ್ರೆ ಇಟ್ಟಿದ್ದರು.

ಕೇಳುತ್ತಿದ್ದಂತೆ ಟಣ್ ಹೋಗಿ ತೊಟ್, ತೊಟ್ ಆಯಿತು. ಪಾತ್ರೆ ತುಂಬಿತು. ಯಾರೋ ಅದನ್ನು ಎಳೆದು ಇನ್ನೊಂದು ಇಟ್ಟರು. ಮತ್ತೆ ಟಣ್.

ಆಮೇಲೆ ಮಾತು ಬಂತು.

"ಬೊಮ್ಮಾ! ಏ ಬೊಮ್ಮಾ! ಮಾಳಿಗೆ ಸೋರ್ತಿದೆ ಕಣೋ!"

ಮಾಳವ್ವನ ದನಿ. ಕೊನೆಯ ಅಕ್ಷರ ಎಳೆಯುವ ಅದೇ ರಾಗ, ನಡುವೆ ಅದೇ ಕೆಮ್ಮು.

ಕೆಂಚವ್ವ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ, ಹಿತ್ತಲ ಜಗಲಿಯಿಂದ, ಅಡಿಕೆ ಅಗಿಯುತ್ತಿದ್ದ ಬೊಮ್ಮಣ್ಣ ಅಂದ:

"ಬಂದೆ ಅವ್ವಾ."

ಸತ್ತವಳು ಕರೆದಳು ಅನ್ನುವುದು ಅವನ ತಲೆಗೆ ಹೋಗಿರಲೇ ಇಲ್ಲ. ಮಾತು ತಲೆಯವರೆಗೆ ಹೋಗಿ ಬರಬೇಕಿದ್ದರೆ ಬಂದೆ ಅನ್ನುವವರು ಊರಲ್ಲಿ ಅರ್ಧಕ್ಕರ್ಧ ಕಡಿಮೆಯಾಗುತ್ತಿದ್ದರು.

ಸತ್ತವರ ಕರೆಗೆ ಓಗೊಟ್ಟವನಿಗೆ ಏನಾಯಿತೋ ಎಂದು ಕೆಂಚವ್ವ ಓಡಿಹೋಗಿ ಅವನ ಕೈ ಹಿಡಿದು ಹಿತ್ತಲ ಬಿಸಿಲಿಗೆ ಎಳೆದಳು. ನಡುಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಬಾಳೆಗಿಡಕ್ಕೆ ನೆರಳಿತ್ತು, ಬಾತುಕೋಳಿಗೆ ನೆರಳಿತ್ತು, ಕೆಂಚವ್ವನಿಗೆ ನೆರಳಿತ್ತು. ಬೊಮ್ಮಣ್ಣನ ಕಾಲಬುಡದಲ್ಲಿ ಬರೀ ಬಿಸಿಲು.

ಅವಳು ಸಂದಿಯ ಹತ್ತಿರ ಮರಳಿ ಕೂತಳು.

"ಅತ್ತೇ."

"ಯಾರದು?"

"ನಾನು. ಕೆಂಚಿ."

"ನೀನಾ? ನಾನು ಕರೆದದ್ದು ಮಗನ್ನ."

"ಅವರ ನೆರಳು ಕಾಣ್ತಿಲ್ಲ ಅತ್ತೆ."

"ಇಲ್ಲಿದೆ. ಮೂಲೇಲಿ ಕೂತಿದೆ. ಒಂದು ಕೆಲಸ ಮಾಡಲ್ಲ. ಅವನದೇ, ಅನುಮಾನ ಬೇಡ."

"ಅವರು ಬರೀ ಮಾತಿಗೆ ಬಂದೆ ಅಂದ್ರು ಅತ್ತೆ!"

"ಅಲ್ಲಿ ಬರೀ ಮಾತು ಕಣೆ. ಇಲ್ಲಿ ಆಡಿದ್ದು ಆಡಿದ ಹಾಗೇ ಆಗುತ್ತೆ. ಬಂದೆ ಅಂದೋನು ಬಂದ. ಒಂದೇ ಸಲಕ್ಕೆ ಪೂರಾ ಬರೋಕೆ ಅವನಿಗೆ ಯಾವತ್ತು ಆಗಿದೆ ಹೇಳು? ಇನ್ನೆರಡು ಸಲ ಕರೀತೀನಿ. ಬರ್ತಾನೆ."

ಈಗ ತಿಳಿಯಿತಲ್ಲ, ಇದು ಬಾಳೆಗಿಡದ ಚಿಂತೆಯಲ್ಲ. ಸಂದಿ ಮುಚ್ಚಬೇಕು, ಕರೆ ಕೇಳಿಸಬಾರದು. ಕೇಳಿಸಿದರೂ ಗಂಡ ಉತ್ತರ ಕೊಡಬಾರದು. ಇಲ್ಲದಿದ್ದರೆ ಗಂಡನಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಬೊಮ್ಮಣ್ಣ "ಇನ್ನು ಆ ಮಾತು ಆಡಲ್ಲ, ನಿನ್ನಾಣೆ" ಅಂದ. ಹುಟ್ಟಿದ ಮೇಲೆ ಮೊದಲ ಸಲ ಹೇಳಿಸಿಕೊಳ್ಳದೆ ಪಂಚೆ ಎತ್ತಿ ಕಟ್ಟಿದ. ಕೆರೆಯಂಗಳದ ಜೇಡಿಮಣ್ಣು ಹೊತ್ತು ತಂದ. ನೀರು ಹಾಕಿ, ಸಣ್ಣಗೆ ಕೊಚ್ಚಿದ ಹುಲ್ಲು ಬೆರೆಸಿ ತುಳಿಯತೊಡಗಿದ. ಮಣ್ಣು ತುಳಿದಷ್ಟೂ ಹದ. ಹದವಾದ ಮಣ್ಣು ಬಿರುಕು ಬಿಡುವುದಿಲ್ಲ.

ಕೆಂಚವ್ವ ಒಂದು ದೊಡ್ಡ ಉಂಡೆ ಮಾಡಿ ಸಂದಿಗೆ ಒತ್ತಿದಳು. ಉಂಡೆ ಕೂತಿತು. ಇನ್ನಷ್ಟು ಒತ್ತಿದಳು. ಉಂಡೆ ಜಾರಿತು. ಕೆಳಗೆ ಧೊಪ್ ಎಂದು ಬಿತ್ತು.

"ಬೊಮ್ಮಾ! ಮಾಳಿಗೆ ಕುಸೀತಿದೆ ಕಣೋ!"

"ಬಂದೆ ಅವ್ವಾ!"

ಅಂದವನೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. "ತಪ್ಪಿ ಬಂತು ಕಣೇ" ಅಂದ ಬೆರಳ ಸಂದಿಯಿಂದ. ಗಾಬರಿಗೆ ಇನ್ನೂ ಜೋರಾಗಿ ತುಳಿದ.

ಕೆಂಚವ್ವ ಅವನ ಕಾಲು ನೋಡಿದಳು. ತುಳಿಯುತ್ತಿದ್ದಾನೆ, ತುಳಿಯುತ್ತಿದ್ದಾನೆ, ತುಳಿಯುತ್ತಲೇ ಇದ್ದಾನೆ. ಮಣ್ಣಿನ ಮೇಲೆ ಒಂದು ಹೆಜ್ಜೆ ಗುರುತಿಲ್ಲ.

ಅವನ ಭಾರ ಹೋಗಿತ್ತು.

ಹಿತ್ತಲಲ್ಲಿ ಗಾಳಿ ಇರಲಿಲ್ಲ. ಆದರೂ ಬೊಮ್ಮಣ್ಣ ಅಲುಗಿದ. ಕಾಲಿಡುವುದು ಮನೆಯ ಕಡೆ, ಹೋಗುವುದು ಹೊಂಡದ ಕಡೆ. ನೀರ ಮೇಲಿನ ತೌಡಿನ ಹಾಗೆ ಮೆಲ್ಲಗೆ, ಒಂದು ಸುತ್ತು ತಿರುಗಿ, ಒಗೆಯುವ ಕಲ್ಲಿನತ್ತ ಸರಿದ. "ಕೆಂಚಿ, ನಾನು ಬರ್ತಿಲ್ಲ ಕಣೇ, ಅದೇ ಎಳೀತಿದೆ" ಅಂದ. ಕೆಂಚವ್ವ ಎಮ್ಮೆಯ ಹಗ್ಗ ತಂದು ಅವನನ್ನು ಹೊಂಡದ ಪಕ್ಕದ ಬಾಳೆಗಿಡಕ್ಕೆ ಕಟ್ಟಿದಳು. ಹಗ್ಗ ಬಿಗಿಯಾಗಿ ನಿಂತಿತು, ತುದಿಯಲ್ಲಿ ಗಂಡ ತೇಲುತ್ತಿದ್ದ.

ಬಾಯಿಗೆ ಬಟ್ಟೆ ತುರುಕಬಹುದಿತ್ತಲ್ಲ ಅನ್ನುತ್ತೀರಿ. ಗಂಡನ ಬಾಯಿಗೆ ಬಟ್ಟೆ ತುರುಕುವ ಉಪಾಯ ನಿಮಗೆ ಇಷ್ಟು ಬೇಗ ಹೊಳೆಯಿತು. ಅವಳಿಗೆ ಹೊಳೆಯಲಿಲ್ಲ. ಕಥೆ ಅವಳದು, ಕೇಳಿ.

"ಅತ್ತೇ, ಅವರ ಭಾರವೂ ಅಲ್ಲಿಗೆ ಬಂತಾ?"

"ಬಂತು. ನನ್ನ ಮಂಚದ ಮೇಲೆ ಕೂತಿದೆ. ಕಣ್ಣಿಗೆ ಕಾಣಲ್ಲ, ಮಂಚ ಕಿರ್ ಅನ್ನುತ್ತೆ."

"ಹಿಂದಕ್ಕೆ ಕಳಿಸಿ ಅತ್ತೆ. ನಿಮಗೆ ಬೇಕಾದ್ದು ಮಾಳಿಗೆ ರಿಪೇರಿ ತಾನೆ? ನಾನು ಮಾಡ್ತೀನಿ. ಮೇಲಿಂದ ಎಷ್ಟು ತುಂಬಿದರೂ ಜಾರುತ್ತೆ, ಕೆಳಗಿಂದ ಯಾರಾದರೂ ಆನಿಸಿ ಹಿಡೀಬೇಕು. ಕೂರೋ ಮಣೆ ಇದೆಯಲ್ಲ, ಅದನ್ನ ಎತ್ತಿ ಹಿಡೀರಿ."

"ನಾನಾ? ಈ ವಯಸ್ಸಲ್ಲಿ?"

"ಇನ್ನು ಯಾವ ವಯಸ್ಸು ಅತ್ತೆ ನಿಮಗೆ?"

ಕೆಳಗೆ ಒಂದು ಪಾತ್ರೆ ಎಳೆದ ಸದ್ದಾಯಿತು.

"ಗಂಡಸಿನ ಕೆಲಸ ಅದು. ಬೊಮ್ಮ ಬರಲಿ."

"ನಿಮ್ಮ ಬೊಮ್ಮ ಬಾಳ್ತಿರೋ ಮನೆ ಮಾಳಿಗೆ ಒಂದು ದಿನ ಹತ್ತಿದ್ರಾ? ಅಲ್ಲಿ ಬಂದು ಹತ್ತುತ್ತಾರಾ? ನಿಮಗೆ ಹೊಟ್ಟೆಗೆ ಹಾಕೋ ಇನ್ನೊಂದು ಬಾಯಿ ಆಗುತ್ತೆ, ಅಷ್ಟೆ."

ಮಾಳವ್ವ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಆಮೇಲೆ ದನಿ ಹತ್ತಿರ ಬಂತು, ತೀರ ಹತ್ತಿರ, ಸಂದಿಗೆ ಬಾಯಿ ಇಟ್ಟ ಹಾಗೆ.

"ಮಾಳಿಗೆಗೆ ಅಲ್ಲ ಕಣೆ. ಇಲ್ಲಿ ಮಾತಿಗೆ ಯಾರೂ ಇಲ್ಲ."

ಕೆಂಚವ್ವ ಸೆರಗು ಸಿಕ್ಕಿಸಿಕೊಂಡಳು. ಸಂದಿಯ ಕೆಳಗೆ ಮರ ಕಲ್ಲಿಗೆ ತಾಗಿದ ಸದ್ದಾಯಿತು. ಮುದುಕಿ ಮಣೆ ಎತ್ತಿ ಹಿಡಿದಿದ್ದಳು.

ಕೆಂಚವ್ವ ತಾನೇ ಮಣ್ಣು ತುಳಿದಳು. ತುಂಬಿದಳು, ಒನಕೆಯ ತುದಿಯಿಂದ ಕುಟ್ಟಿದಳು, ಮತ್ತೆ ತುಂಬಿದಳು.

"ಮಣ್ಣು ತೆಳ್ಳಗಾಯ್ತು ಕಣೆ, ಕೈಗೆ ಇಳೀತಿದೆ."

"ಸರಿಯಾಗೇ ಇದೆ ಅತ್ತೆ."

"ಮುದ್ದೆಗೂ ಹೀಗೇ ನೀರು ಜಾಸ್ತಿ ಮಾಡ್ತಿದ್ದೆ."

"ತಿಂದು ಬದುಕಿದ್ರಲ್ಲ."

"ನಾನು ಬದುಕಿದ್ನಾ?"

ಸಂದಿ ಮುಷ್ಟಿಯಿಂದ ಎರಡು ಬೆರಳಿಗೆ ಬಂತು. ಎರಡರಿಂದ ಒಂದಕ್ಕೆ. ಇನ್ನೊಂದು ಉಂಡೆ ಸಾಕು. ಆ ಉಂಡೆ ಕೆಂಚವ್ವನ ಅಂಗೈಯಲ್ಲಿತ್ತು.

"ಕೆಂಚೀ" ಅಂದಿತು ಕೆಳಗಿನ ದನಿ. "ಬೆಳಕು ಹೋಯ್ತಲ್ಲೇ. ತಡಿ. ಅವನ ದನಿ ಒಂದು ಸಲ ಕೇಳಿಸ್ಕೋತೀನಿ."

"ಬೇಡ ಅತ್ತೆ!"

"ಬೊಮ್ಮಾ..."

ಈ ಸಲ ಜೋರು ಇರಲಿಲ್ಲ. ಮಲಗಿದ ಕೂಸನ್ನು ಎಬ್ಬಿಸಲೋ ಬೇಡವೋ ಅಂತ ಕರೆಯುತ್ತಾರಲ್ಲ, ಹಾಗೆ.

ಬೊಮ್ಮಣ್ಣನ ಕಣ್ಣಲ್ಲಿ ಭಯ ತುಂಬಿತ್ತು. ತಲೆ ಬೇಡ ಬೇಡ ಎಂದು ಅಲ್ಲಾಡುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿತ್ತು. ತುಟಿ ಸೇರಿತು, ಬಿಟ್ಟಿತು. "ಬಂ..."

ಒಂದು ಉಂಡೆ, ಎರಡು ತೂತು. ಕೆಂಚವ್ವ ಸಂದಿ ನೋಡಿದಳು, ಗಂಡನನ್ನು ನೋಡಿದಳು. ನೀರು ಯಾವುದರಿಂದ ಸೋರುತ್ತದೆ, ಮನೆ ಯಾವುದರಿಂದ ಸೋರುತ್ತದೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಉಂಡೆಯನ್ನು ಗಂಡನ ಬಾಯಿಗೆ ಇಟ್ಟು, ಅಂಗೈಯಿಂದ ಒತ್ತಿ ಹಿಡಿದಳು.

ಇನ್ನೊಂದು ಕೈಯಿಂದ ಅವನ ತಲೆ ಆನಿಸಿಕೊಂಡಳು.

"ಬೊಮ್ಮಾ?"

ಉತ್ತರವಿಲ್ಲ.

"ಬೊಮ್ಮಾ?"

ಉತ್ತರವಿಲ್ಲ.

ಕೆಳಗೆ ಮಂಚ ಒಮ್ಮೆ ಕಿರ್ ಎಂದಿತು. ಬಹಳ ಹೊತ್ತಿನ ಮೇಲೆ ಮಾಳವ್ವ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು:

"ಇಲ್ಲ. ಬರಲ್ಲ ಅವನು."

ಹೆತ್ತ ದಿನದಿಂದ ಆ ತಾಯಿಗೆ ಮಗನಿಂದ ಸಿಕ್ಕ ಮೊದಲ ನಿಜವಾದ ಉತ್ತರ ಅದು.

"ಕೆಂಚೀ, ಈ ನೆರಳು ಭಾರ ಎರಡನ್ನೂ ತಗೊಂಡು ಹೋಗು. ಅರ್ಧ ಮಗನ್ನ ಇಟ್ಕೊಂಡು ಏನು ಮಾಡಲಿ."

ಸಂದಿಯಿಂದ ಕಪ್ಪಗೆ ಏನೋ ನೀರಿನ ಹಾಗೆ ಉಕ್ಕಿ, ಕಲ್ಲ ಮೇಲೆ ಹರಿದು, ಬೊಮ್ಮಣ್ಣನ ಕಾಲಿಗೆ ಹೋಗಿ ಅಂಟಿಕೊಂಡಿತು. ಅದರ ಹಿಂದೆಯೇ ಹಗ್ಗ ಸಡಿಲವಾಯಿತು, ಬೊಮ್ಮಣ್ಣ ದಡ್ ಎಂದು ನೆಲಕ್ಕೆ ಕೂತ. ಕೆಂಚವ್ವ ಇನ್ನೊಂದು ಉಂಡೆ ಮಾಡಲು ಮಣ್ಣಿಗೆ ಕೈ ಹಾಕಿದಳು. ಬೇಕಾಗಲಿಲ್ಲ. ಸಂದಿಯೊಳಗಿನಿಂದ ಮಣ್ಣು ಮೆತ್ತಿದ ಒಂದು ಬೆರಳು ಮೇಲೆ ಬಂತು. ಒಲೆ ಸಾರಿಸುವಾಗ ಸವರುತ್ತಾರಲ್ಲ, ಹಾಗೆ ಸುತ್ತಲೂ ನುಣ್ಣಗೆ ಸವರಿತು. ಕಡೆಯಲ್ಲಿ ಒಳಕ್ಕೆ ಸರಿದು, ತನ್ನ ಹಿಂದೆ ತಾನೇ ಸಂದಿ ಮುಚ್ಚಿಕೊಂಡಿತು.

ಮಳೆಗಾಲ ಬಂತು. ಹೊಂಡ ತುಂಬಿತು. ಇಳಿಯಲಿಲ್ಲ. ಬೊಮ್ಮಣ್ಣ ಮಣ್ಣು ಉಗುಳಿ ಬಾಯಿ ತೊಳೆದವನು ಆಮೇಲೆ ಯಾರು ಕರೆದರೂ ಮಾತಿಲ್ಲದೆ ಎದ್ದು ಹೋಗುತ್ತಿದ್ದ. ಅವನಿಗೆ ಏನೋ ಆಗಿದೆ ಎಂದು ಊರವರು ಮರುಗಿದರು.

ಒಂದು ಬೆಳಿಗ್ಗೆ ಕೆಂಚವ್ವ ಕೊಡ ತುಂಬುತ್ತಿದ್ದಳು. ನೀರಿನ ಅಡಿಯಿಂದ, ದೂರದಿಂದ, ಮಣ್ಣು ಹೊದ್ದ ಹಾಗಿದ್ದ ದನಿ ಬಂತು.

"ಕೆಂಚೀ... ಈಗ ಒಂದು ಹನಿ ಸೋರಲ್ಲ ಕಣೇ. ಚೆನ್ನಾಗಿ ಮಾಡಿದೆ."

ಮದುವೆಯಾಗಿ ಬಂದ ಮೇಲೆ ಅತ್ತೆಯ ಬಾಯಲ್ಲಿ ಚೆನ್ನಾಗಿ ಮಾಡಿದೆ ಅನ್ನುವ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಎಷ್ಟು ಮಾತು ಗಂಟಲಿಗೆ ಬಂದವೋ, ಅವುಗಳ ನಡುವೆ ಬಂದೆ ಅನ್ನುವುದೂ ಇತ್ತು. ಕೆಂಚವ್ವ ಬಗ್ಗಿ, ಬೊಗಸೆ ನೀರೆತ್ತಿ ಬಾಯಿ ತುಂಬಿಕೊಂಡಳು. ಕೆಳಗಿನ ದನಿ ಇನ್ನೊಂದು ಸಲ ಕರೆದು, ಕಾದು, ಸುಮ್ಮನಾಗುವ ತನಕ ಕೆನ್ನೆ ಉಬ್ಬಿಸಿಕೊಂಡು ನಿಂತೇ ಇದ್ದಳು. ಕಣ್ಣಿಂದ ಇಳಿದದ್ದನ್ನು ತಡೆಯಲು ಮಾತ್ರ ಅವಳ ಹತ್ತಿರ ಮಣ್ಣಿರಲಿಲ್ಲ.

ಅವರ ಹೊಂಡ ಅಲ್ಲಿ ತುಂಬಿತು, ನನ್ನ ಕಥೆ ಇಲ್ಲಿ ಬರಿದಾಯಿತು. ಏಳಿ, ಮನೆಗೆ ನಡೆಯಿರಿ. ದಾರಿಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ, ಯಾರು ಎಂದು ನೋಡಿಕೊಂಡು ಬಾಯಿ ಬಿಡಿ.