ಎರಡು ಹೆಜ್ಜೆಯ ನಡುವೆ

ಮಕ್ಕಳು ಮಲಗಿದ್ರಾ? ಹಾಗಾದ್ರೆ ಆ ಬಾಗಿಲು ಹಾಕಿಬಿಡಿ. ಲೈಟು... ಇರಲಿ, ಆರಿಸಬೇಡಿ.

ಇದು ಎಲ್ಲೋ ಕೇಳಿದ್ದಲ್ಲ. ನನ್ನ ತಂಗಿ ಸ್ಮಿತಾಳ ಗಂಡ ಮೃತ್ಯುಂಜಯನಿಗೆ ಆಗಿದ್ದು. ಸೀಕಾಕಸ್‌ನಲ್ಲಿ, ಎರಡು ಸಾವಿರದ ಒಂಬತ್ತರ ಜನವರಿ. ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗ್ತಿದ್ದ ಕಾಲ.

ಅವತ್ತು ಮಧ್ಯಾಹ್ನದಿಂದಲೇ ಸ್ನೋ. ಮೃತ್ಯುಂಜಯ ಮ್ಯಾನ್‌ಹಟನ್‌ನಿಂದ ಆಫೀಸು ಮುಗಿಸಿ ಬಂದು ಟ್ರೇನ್ ಇಳಿಯೋ ಹೊತ್ತಿಗೆ ಬಸ್ಸು ನಿಂತುಹೋಗಿತ್ತು. ಚಳಿಗಾಲದಲ್ಲಿ ಇಲ್ಲಿ ಸಂಜೆಗೇ ಕತ್ತಲೆ, ಗೊತ್ತಲ್ಲ. ನಡೆದೇ ಹೊರಟ. ಒಂದು ಕಡೆ ವೇರ್‌ಹೌಸುಗಳ ಹಿಂದಿನ ಗೋಡೆ. ಇನ್ನೊಂದು ಕಡೆ ಜೌಗು, ಆಳೆತ್ತರದ ಜೊಂಡು. ಫುಟ್‌ಪಾತ್ ಇಲ್ಲ. ಸ್ನೋ ಬಿದ್ದಾಗ ಊರಿನ ಸದ್ದೆಲ್ಲ ಅಡಗಿಹೋಗುತ್ತೆ. ಅವನ ಬೂಟಿನ ಸದ್ದೊಂದೇ. ಕರ್ರ್... ಕರ್ರ್...

ಆಮೇಲೆ ಎರಡು ಹೆಜ್ಜೆಯ ನಡುವೆ ಇನ್ನೊಂದು ಸದ್ದು ಸೇರಿಕೊಳ್ತು.

ಕರ್ರ್... ಚಕ್. ಕರ್ರ್... ಚಕ್.

ಕೊಂಬೆ ಮುರಿದಿದ್ದಲ್ಲ. ಮಂಜುಗಡ್ಡೆ ಒಡೆದಿದ್ದೂ ಅಲ್ಲ. ಬಿಗಿದ ತಂತಿಯ ಮೇಲೆ ಹೊಡೆದು, ಹೊಡೆದ ಕೂಡಲೇ ಅದರ ಕತ್ತು ಹಿಸುಕಿದ ಹಾಗೆ. ಮೃತ್ಯುಂಜಯ ನಿಂತ. ಅದೂ ನಿಂತಿತು.

ಏನದು ಅಂತ ಅವನಿಗೆ ಆಗಲೇ ಗೊತ್ತಾಯ್ತು. ನಿಮಗೆ ಗೊತ್ತಾಗಬೇಕಾದ್ರೆ ಅಕ್ರಂ ವಿಷಯ ಹೇಳಬೇಕು.

ಅಕ್ರಂ ಮೈಸೂರಿನವನು. ಮೃತ್ಯುಂಜಯನ ಟೀಮಲ್ಲೇ ಕೆಲಸ, ಮನೆಯೂ ಅದೇ ಬಿಲ್ಡಿಂಗಲ್ಲಿ. ಹೆಂಡತಿ ಫರ್ಹೀನ್, ಚಿಕ್ಕ ಮಗಳು ಲೈಬಾ. ಅವನಿಗೆ ಬ್ಲೂಗ್ರಾಸ್ ಹುಚ್ಚು. ಇಲ್ಲಿನ ಗುಡ್ಡಗಾಡಿನ ಕಡೆ ಹುಟ್ಟಿದ ಸಂಗೀತ ಅದು... ಬ್ಯಾಂಜೋ, ಫಿಡಲ್, ಗಿಟಾರ್, ಮ್ಯಾಂಡೋಲಿನ್. ಅಕ್ರಂ ಮ್ಯಾಂಡೋಲಿನ್ ನುಡಿಸ್ತಿದ್ದ. ಬೇಸಿಗೆ ಬಂತಂದ್ರೆ ಅವನೂ ಮೃತ್ಯುಂಜಯನೂ ಕಾರಿಗೆ ಟೆಂಟ್ ತುಂಬಿಕೊಂಡು ಉತ್ತರದ ಹಳ್ಳಿಗಾಡಿಗೆ, ಅಪ್‌ಸ್ಟೇಟ್ ಕಡೆ ಫೆಸ್ಟಿವಲ್‌ಗೆ ಹೊರಟುಬಿಡೋರು. ಒಂದು ವರ್ಷ ನಾನೂ ಹೋಗಿದ್ದೆ. ದೊಡ್ಡ ಹುಲ್ಲುಗಾವಲು. ಸ್ಟೇಜ್ ಮೇಲಿನ ಕಾರ್ಯಕ್ರಮ ಮುಗಿದ ಮೇಲೇ ನಿಜವಾದ ಮೋಜು. ಟಾರ್ಪಾಲಿನ ಕೆಳಗೆ ಲಾಟೀನು ಹಚ್ಚಿಕೊಂಡು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಸುತ್ತ ನಿಂತು ನುಡಿಸೋರು. ಅಕ್ರಂ ಬಂದ ಅಂದ್ರೆ ಬಿಳಿಗಡ್ಡದ ಮುದುಕರು ಕುರ್ಚಿ ಸರಿಸಿ ಜಾಗ ಬಿಡ್ತಿದ್ರು. ಮೃತ್ಯುಂಜಯನಿಗೆ ಏನೂ ನುಡಿಸೋಕೆ ಬರ್ತಿರಲಿಲ್ಲ. ಸ್ಟೌ ಮೇಲೆ ಉಪ್ಪಿಟ್ಟು ಕೆದಕ್ತಾ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟೋನು.

ಅವತ್ತು ಅಕ್ರಂ ನನಗೆ ಹೇಳಿಕೊಟ್ಟಿದ್ದ. "ಅಕ್ಕ, ಈ ಸಂಗೀತದಲ್ಲಿ ಡ್ರಮ್ ಇಲ್ಲ. ಮ್ಯಾಂಡೋಲಿನ್ನೇ ಡ್ರಮ್. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಹೊಡೀಬೇಕು. ನಾದ ಹುಟ್ಟಿದ ಜಾಗದಲ್ಲೇ ಸಾಯಬೇಕು." ಚಕ್ ಅಂತ ಹೊಡೆದು ತೋರಿಸಿ ನಕ್ಕ.

ಎರಡು ಸಾವಿರದ ಎಂಟು, ಸೆಪ್ಟೆಂಬರ್. ಟೀಮಲ್ಲಿ ಒಬ್ಬರನ್ನ ತೆಗೀಬೇಕು, ಯಾರು ಅಂತ ನೀನೇ ಹೇಳು ಅಂತ ಮೇಲಿನವನು ಮೃತ್ಯುಂಜಯನನ್ನ ಕೇಳಿದ. ಮೃತ್ಯುಂಜಯ ಟೀಮ್ ಲೀಡು. ಕೈಯಲ್ಲಿ ಗ್ರೀನ್ ಕಾರ್ಡು, ಕೆಲಸ ಹೋದ್ರೂ ದೇಶ ಬಿಡಬೇಕಿರಲಿಲ್ಲ. ಆದರೂ ಹೆದರಿಕೊಂಡ. ನನ್ನ ತಂಗಿ ಗಂಡ ಅಂತ ನಾನು ಬಣ್ಣ ಹಚ್ಚಲ್ಲ... ಅಕ್ರಂನ ಹೆಸರು ಹೇಳಿದ. ಹೆಸರಷ್ಟೇ ಹೇಳಿದ್ರೂ ಆಗ್ತಿತ್ತು. ಅವನಿಗೆ ಕೆಲಸದ ಮೇಲೆ ಗಮನ ಇಲ್ಲ, ತಲೆ ತುಂಬ ಮ್ಯಾಂಡೋಲಿನ್ನು, ಫೆಸ್ಟಿವಲ್ಲು ಅಂತಲೂ ಸೇರಿಸಿದ.

ಮೇಲಿನವನು ಆ ಮಾತನ್ನೇ ಅಕ್ರಂಗೆ ಒಪ್ಪಿಸಿ ಮನೆಗೆ ಕಳಿಸಿದ.

ಕೆಲಸ ಹೋದರೆ ವೀಸಾನೂ ಹೋದ ಹಾಗೆ. ಅಕ್ರಂ ಹೆಂಡತಿ ಮಗಳನ್ನ ಮೈಸೂರಿಗೆ ಕಳಿಸಿದ. ಮ್ಯಾಂಡೋಲಿನ್ ಕೂಡ ಅವರ ಜೊತೆಗೇ ಹೋಯ್ತು. ತಾನೊಬ್ಬ ಉಳಿದು ಇಂಟರ್‌ವ್ಯೂಗೆ ಅಲೆದ. ಎಲಿವೇಟರಲ್ಲಿ ಮೃತ್ಯುಂಜಯ ಸಿಕ್ಕಿದಾಗ ಅಕ್ರಂ ಆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಊಟ ಆಯ್ತಾ ಅನ್ನೋನು, ಅಷ್ಟೇ. ಡಿಸೆಂಬರಲ್ಲಿ ಒಂದು ಸಂಜೆ ಹೋಬೋಕನ್‌ನಿಂದ ಇಂಟರ್‌ವ್ಯೂ ಮುಗಿಸಿ ಬಂದು, ಸ್ಟೇಷನ್ನಿಂದ ಆ ಜೌಗಿನ ರಸ್ತೇಲಿ ನಡ್ಕೊಂಡು ಬರ್ತಿದ್ದಾಗ ಟ್ರಕ್ಕೊಂದು ಐಸಿನ ಮೇಲೆ ಜಾರಿ... ಅಲ್ಲೇ ಹೋದ.

ದೇಹ ಊರಿಗೆ ಕಳಿಸೋ ಓಡಾಟ ಎಲ್ಲ ಮೃತ್ಯುಂಜಯನೇ ಮಾಡಿದ. ಸ್ನೇಹಿತ ಅಂದ್ರೆ ಹೀಗಿರಬೇಕು ಅಂದ್ರು ಜನ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಈಗ ಆ ರಸ್ತೆ. ಆ ಸ್ನೋ. ಮೃತ್ಯುಂಜಯ ನಿಂತಿದಾನೆ. ಸದ್ದಿಲ್ಲ. ಜೊಂಡು ಕೂಡ ಅಲ್ಲಾಡ್ತಿಲ್ಲ. ಆದರೆ ಬಲಗಿವಿಯ ಪಕ್ಕ... ಉಸಿರು. ಬೆಚ್ಚಗಿನ ಉಸಿರಲ್ಲ.

"ಅಕ್ರಂ... ನೀನೇನೋ?" ಅಂತ ಪಿಸುಗುಟ್ಟಿದ.

ಕತ್ತು ತಿರುಗಿಸದೇ ಮೃತ್ಯುಂಜಯನೇ ಮತ್ತೆ ಅಂದ,

"ನಾ ಹಂಗ ಅನ್ನಬಾರದಿತ್ತೋ..."

ಕಿವಿಯ ಹತ್ತಿರ, ಅಷ್ಟೇ ಮೆಲ್ಲಗೆ... "ನಡಿ."

ನಡೆದ. ಕರ್ರ್... ಚಕ್. ಕರ್ರ್... ಚಕ್. ಬೇಗ ಹೆಜ್ಜೆ ಹಾಕಿದರೆ ಅದೂ ಬೇಗ. ನಿಂತರೆ ಉಸಿರು. ಬಿಲ್ಡಿಂಗ್ ಬಂತು. ಬಾಗಿಲು ತೆಗೀಬೇಕಾದ್ರೆ ನಿಲ್ಲಬೇಕಲ್ಲ... ನಿಲ್ಲೋಕೆ ಧೈರ್ಯ ಬರಲಿಲ್ಲ. ಪಾರ್ಕಿಂಗ್ ಲಾಟಿನಲ್ಲೇ ಸುತ್ತೋಕೆ ಶುರು ಮಾಡಿದ.

ಸ್ಮಿತಾ ಕಿಟಕಿಯಿಂದ ನೋಡಿದಳು. ಇವನು ಎಷ್ಟು ಹೊತ್ತಿಂದ ಸುತ್ತುತ್ತಿದ್ದನೋ, ಸ್ನೋದಲ್ಲಿ ಗುಂಡಗೆ ದಾರಿ ಬಿದ್ದಿತ್ತು. ಚಪ್ಪಲೀಲೇ ಕೆಳಗೆ ಓಡಿದಳು. ಕರೆದರೆ ನಿಲ್ಲಲಿಲ್ಲ. ಕೈ ಹಿಡಿದು ಎಳೆದಳು. "ನಿಲ್ಲಿಸಬ್ಯಾಡ, ಸ್ಮಿತಾ. ನಿಂತ್ರ ಹತ್ರ ಬರ್ತಾನ," ಅಂದ. ಬೇರೆ ದಾರಿ ಕಾಣದೆ ಅವಳೂ ಅವನ ಜೊತೆ ಹೆಜ್ಜೆ ಹಾಕಿದಳು. ಆಗ ಅವಳಿಗೂ ಕೇಳಿಸ್ತು. ಇದನ್ನ ಅವಳು ನನಗೆ ಒಂದೇ ಸಲ ಹೇಳಿದ್ದು. ಇನ್ನೊಮ್ಮೆ ಕೇಳಿದಾಗ ಎದ್ದು ಒಳಗೆ ಹೋದಳು.

ಕೊನೆಗೆ ಸ್ನೋ ತಳ್ಳೋ ಗಾಡಿ ಬಂತು. ಹಳದಿ ದೀಪ, ಟಾರಿನ ಮೇಲೆ ಕಬ್ಬಿಣ ಉಜ್ಜೋ ಕರ್ಕಶ ಸದ್ದು. ಆ ಸದ್ದಲ್ಲಿ ಲಯ ತಪ್ಪಿತು. ಮೃತ್ಯುಂಜಯ ಇದ್ದಲ್ಲೇ ಕುಸಿದುಬಿದ್ದ.

ಮಾರನೇ ದಿನ ಮೈಸೂರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡ. ಮ್ಯಾಂಡೋಲಿನ್ ಎಲ್ಲಿದೆ ಅಂತಲೂ ಕೇಳಿದ. ಬೀರು ಮೇಲಿದೆ, ಬಂದಾಗಿನಿಂದ ಪೆಟ್ಟಿಗೆ ತೆಗೆದಿಲ್ಲ ಅಂದಳು ಫರ್ಹೀನ್. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಅಣ್ಣ, ಕೆಲಸ ಹೋದ ದಿನವೇ ಅವರು ಹೇಳಿದ್ರು. ಆಫೀಸಲ್ಲಿ ಮ್ಯಾಂಡೋಲಿನ್ ವಿಷಯ ಗೊತ್ತಿದ್ದಿದ್ದು ನಿಮಗೊಬ್ಬರಿಗೇ ಅಂತೆ. ಇನ್ಮೇಲೆ ಫೋನ್ ಮಾಡಬೇಡಿ."

ಮಾರ್ಚಿನಲ್ಲಿ ಮೃತ್ಯುಂಜಯನನ್ನೂ ತೆಗೆದರು. ಅವನ ಹೆಸರು ಯಾರು ಹೇಳಿದರೋ, ಅವನು ವಿಚಾರಿಸೋಕೆ ಹೋಗಲಿಲ್ಲ.

ನಗಬೇಡಿ. ಹೋದ ವಾರ ಅವನು ಫೋರ್ಟ್ ಲೀಗೆ, ನಮ್ಮನೆಗೆ ಬಂದಿದ್ದ. ಕಾಫಿ ಲೋಟ ನಾನೇ ಕೈಗೆ ಕೊಟ್ಟೆ, ಕಣ್ಣಾರೆ ನೋಡಿದೆ. ಎಡಗೈಯ ನಾಲ್ಕೂ ಬೆರಳ ತುದೀಲಿ ಚರ್ಮ ಗಡುಸಾಗಿದೆ. ಅದರ ಮೇಲೆ ಸಣ್ಣ ಗೆರೆ, ಒತ್ತೊತ್ತಾಗಿ ಎರಡೆರಡು. ಮ್ಯಾಂಡೋಲಿನ್ನಿಗೆ ತಂತಿ ಇರೋದು ಹಾಗೇ, ಜೋಡಿ ಜೋಡಿ; ಒತ್ತೋದು ಎಡಗೈಲಿ. ಅವನು ಜನ್ಮದಲ್ಲಿ ಒಂದು ತಂತಿ ಮುಟ್ಟಿದವನಲ್ಲ.

ಗೆರೆಗಳು ಇನ್ನೂ ಹಸಿಯಾಗಿದ್ದವು.