ಮಾವನ ಡಬಲ್ ಕ್ಲಿಕ್

ಬಾಗಿಲು ಹಾಕಿಕೊಂಡು ಬಂದು ಕೂತುಕೊಳ್ಳಿ. ಮಧ್ಯದಲ್ಲಿ ಎದ್ದು ನೀರು ಕುಡಿಯುವ ಅಭ್ಯಾಸ ಇದ್ದವರು ಈಗಲೇ ಕುಡಿದು ಬನ್ನಿ... ಆಮೇಲೆ ಅಡುಗೆಮನೆಗೆ ಒಬ್ಬರೇ ಹೋಗಲು ನಿಮಗೇ ಮನಸ್ಸಾಗುವುದಿಲ್ಲ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಅವಳನ್ನು ಎಲ್ಲರೂ ಕರೆಯುವುದು ರಬ್ಬರು ಅಂತ. ಹೆಸರಿಟ್ಟವರು ಅವಳ ಸೋದರಮಾವ. ಅವರದು ಮಹಡಿಯ ಮೇಲೊಂದು ಫೋಟೋ ಸ್ಟುಡಿಯೋ. ಜನರ ಮುಖದ ಮೊಡವೆ, ಕಣ್ಣ ಕೆಳಗಿನ ಕಪ್ಪು, ಕನ್ನಡಕದ ಮೇಲೆ ಬೀಳುವ ಹೊಳಪು, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸುವುದು ಇವಳ ಕೆಲಸ. "ದೇವರು ಅವಸರದಲ್ಲಿ ಮಾಡಿದ ತಪ್ಪನ್ನೆಲ್ಲ ನಮ್ಮ ರಬ್ಬರು ಪುರುಸೊತ್ತಾಗಿ ಅಳಿಸ್ತಾಳೆ" ಅಂತ ಮಾವ ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದರು.

ಆ ಮಾವ ತೀರಿಕೊಂಡ ರಾತ್ರಿ ನಡೆದದ್ದು ಇದು.

ಹೊತ್ತಾಗಿತ್ತು. ಅತ್ತೆಯ ಮನೆಯಿಂದ ಸ್ಟುಡಿಯೋಗೆ ಹೋಗುವ ಓಣಿಯಲ್ಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಹಗಲು ಅದಕ್ಕೆ ಯಾರಾದರೂ ಸೈಕಲ್ ಒರಗಿಸಿರುತ್ತಾರೆ. ಕತ್ತಲಾದ ಮೇಲೆ ಯಾರೂ ಒರಗಿಸುವುದಿಲ್ಲ. ರಬ್ಬರು ಕೈಯಲ್ಲಿ ಸ್ಟುಡಿಯೋದ ಬೀಗದ ಕೈ ಹಿಡಿದು, ಬಾವಿಯ ಕಡೆ ನೋಡದೆ ಸರಸರ ನಡೆಯುತ್ತಿದ್ದಳು. ಒಳಗೆ ಒಂದು ಹನಿ ಬಿತ್ತು.

ಟಿಕ್...

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ... ಟಿಕ್.

ಅವಳ ಮೈ ಜುಂ ಅಂದಿತು. ಹನಿಗೆ ಹೆದರಲಿಲ್ಲ ಅವಳು. ಹೆದರಿದ್ದು ಎರಡು ಹನಿಗಳ ನಡುವಿನ ಬಿಡುವಿಗೆ. ಆ ಬಿಡುವು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾವ ಫಿಲಂ ಕಾಲದ ಮನುಷ್ಯ. ಕ್ಯಾಮರಾದ ಗುಂಡಿಯ ಮೇಲೆ ಇದ್ದಾಗ ಮಿಂಚಿನಂತೆ ಆಡುತ್ತಿದ್ದ ಬೆರಳು ಮೌಸಿನ ಮೇಲೆ ಬಂದ ಕೂಡಲೇ ಮುದಿ ಎತ್ತಾಗುತ್ತಿತ್ತು. ಫೋಲ್ಡರ್ ತೆರೆಯಬೇಕಾದರೆ ಟಿಕ್‌ಟಿಕ್ ಅಂತ ಬೆನ್ನುಬೆನ್ನಿಗೆ ಒತ್ತಬೇಕು ತಾನೆ? ಮಾವ ಒತ್ತುತ್ತಿದ್ದದ್ದು ಟಿಕ್... ಟಿಕ್. ಹಾಗೆ ಒತ್ತಿದರೆ ಫೋಲ್ಡರ್ ತೆರೆಯುವುದಿಲ್ಲ. ಹೆಸರು ಬದಲಾಯಿಸಬೇಕಾಗಿದೆಯೇನೋ ಅಂದುಕೊಂಡು ಕಂಪ್ಯೂಟರು ಆ ಹೆಸರನ್ನು ನೀಲಿ ಮಾಡಿ ಕಾಯುತ್ತಾ ಕೂರುತ್ತದೆ.

"ಏ ರಬ್ಬರೂ, ಮತ್ತೆ ನೀಲಿ ಆಯ್ತು ನೋಡೇ!"

"ತಡೀರಿ ಮಾವ, ನಾನು ತೆಗೀತೀನಿ."

ಅವಳು ಬಗ್ಗಿ ಎಸ್ಕೇಪ್ ಒತ್ತಿ, ಎಂಟರ್ ಒತ್ತಿ ತೆರೆದುಕೊಡುವುದು. ದಿನಾ ಇದೇ. ಇನ್ನು ಮಾವನ ಕೈ ನಡುಗಿತೋ, ಒಂದು ಫೋಲ್ಡರ್ ಪಕ್ಕದ ಫೋಲ್ಡರಿನೊಳಗೆ ಜಾರಿಬಿಡುತ್ತಿತ್ತು, ಬಾವಿಗೆ ಬಿಂದಿಗೆ ಬಿದ್ದ ಹಾಗೆ. ಹುಡುಕಿ ಮೇಲೆತ್ತುವುದು ಇವಳ ಪಾಡು.

ಆ ರಾತ್ರಿ ಅವಳು ಹೊರಟದ್ದೂ ಹುಡುಕುವುದಕ್ಕೇ. ಸಂಜೆ ಆಸ್ಪತ್ರೆಯಲ್ಲಿ ಮಾವ ಹೋದರು. ದೇಹವನ್ನು ಬೆಳಿಗ್ಗೆ ಮನೆಗೆ ಕಳಿಸುತ್ತೇವೆ ಅಂದಿದ್ದರು ಅಲ್ಲಿಯವರು. ಅತ್ತೆ ಅಳಲಿಲ್ಲ. ಕುರ್ಚಿಯಲ್ಲಿ ಕೂತು ಬಲಗೈಯ ಕಿರುಬೆರಳನ್ನು ನೀವಿಕೊಳ್ಳುತ್ತಾ ಇದ್ದರು. ಸ್ಟುಡಿಯೋ ಶುರುವಾದ ದಿನವೇ ಅದರ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾದ ಬೆರಳು ಅದು. "ನಿಮ್ಮ ಸ್ಟುಡಿಯೋ ಮೆಟ್ಟಿಲು ಇನ್ನು ನಾನು ಹತ್ತಿದ್ರೆ ಕೇಳಿ" ಅಂದಿದ್ದರು ಆವತ್ತು. ಹತ್ತಿರಲಿಲ್ಲ. ಮೊದಲು ಹಟಕ್ಕೆ, ಆಮೇಲೆ ಮಂಡಿನೋವಿಗೆ.

"ಬಾರೇ ಇಲ್ಲಿ," ಅಂದರು ಪಿಸುದನಿಯಲ್ಲಿ. "ನನಗೆ ಅವರ ಮುಖ ಮರೆತು ಹೋಗ್ತಿದೆ ಕಣೇ."

"ಏನತ್ತೆ, ಹೀಗಂತೀರಿ..."

"ಕಣ್ಣು ಮುಚ್ಚಿದ್ರೆ ಆಸ್ಪತ್ರೆ ಮುಖಾನೇ ಬರುತ್ತೆ. ಬಾಯಿಗೆ ಪೈಪು, ಒಳಗೆ ಹೋದ ಕೆನ್ನೆ... ಅದು ಅವರಲ್ಲ. ಬೆಳಿಗ್ಗೆ ಆ ಮುಖಾನೇ ತಂದು ನನ್ನ ಮುಂದೆ ಮಲಗಿಸ್ತಾರೆ. ಅಷ್ಟರೊಳಗೆ ಅವರ ನಿಜವಾದ ಮುಖ ಒಂದು ಸಲ ತೋರಿಸೇ. ಇಲ್ದಿದ್ರೆ ಸಾಯೋವರೆಗೂ ನನಗೆ ಆ ಮುಖಾನೇ ಗತಿ."

ಕೇಳಲು ಸುಲಭ. ಆದರೆ ಊರಿನವರ ಮುಖವನ್ನೆಲ್ಲ ತೆಗೆದ ಮನುಷ್ಯನ ಮುಖ ಎಲ್ಲೂ ಇರಲಿಲ್ಲ. ಮದುವೆಯ ಫೋಟೋದಲ್ಲಿ ಇದ್ದವನು ಮೀಸೆ ಚಿಗುರದ ಹುಡುಗ. ಗುರುತಿನ ಚೀಟಿಯ ಫೋಟೋ ನೋಡಿದರೆ ಮಾವನಿಗೇ ಗುರುತು ಸಿಗುತ್ತಿರಲಿಲ್ಲ. ಯಾರಾದರೂ ಫೋನ್ ಎತ್ತಿ ಹಿಡಿದರೆ ಮುಖದ ಮುಂದೆ ಅಂಗೈ. "ಕ್ಯಾಮರಾ ಹಿಂದೆ ನಿಲ್ಲೋನು ಮುಂದೆ ಬರಬಾರದು, ಗಿರಾಕಿ ಹೆದರ್ತಾನೆ."

ಪಕ್ಕದ ಮನೆಯಾಕೆಯನ್ನು ಅತ್ತೆಯ ಜೊತೆ ಕೂರಿಸಿ ರಬ್ಬರು ಹೊರಟಿದ್ದಳು.

ಸ್ಟುಡಿಯೋದ ಕೆಳಗೆ ದರ್ಜಿಯ ಅಂಗಡಿ. ಯಾರದೋ ಅವಸರದ ಬಟ್ಟೆ ಇತ್ತೇನೋ, ಅವನ ಮಿಷನ್ನು ಇನ್ನೂ ಓಡುತ್ತಿತ್ತು. ಟರ್ರ್... ಟರ್ರ್... ಆ ಸದ್ದಿನಿಂದ ಅವಳಿಗೆ ಜೀವ ಬಂತು. ಮೆಟ್ಟಿಲು ಹತ್ತಿ, ದೀಪ ಹಾಕಿ, ಕಂಪ್ಯೂಟರ್ ಹಚ್ಚಿದಳು. ಅದರ ಫ್ಯಾನು ಗುಂಯ್ ಅಂತ ಎದ್ದಿತು. ಎದುರಿಗೆ ಬೂದು ಪರದೆ, ಅದರ ಮುಂದೆ ಗಿರಾಕಿಗಳು ಕೂರುವ ಸ್ಟೂಲು. ಖಾಲಿ.

ಹೆಸರು ಕೊಟ್ಟು ಹುಡುಕಬಹುದಿತ್ತಲ್ಲ ಅನ್ನಬೇಡಿ. ಫೋಟೋಗಳಿಗೆ ಕ್ಯಾಮರಾ ಇಟ್ಟ ನಂಬರು ಬಿಟ್ಟರೆ ಬೇರೆ ಹೆಸರಿರಲಿಲ್ಲ. ಒಂದೊಂದೇ ವರ್ಷದ ಫೋಲ್ಡರು, ಅದರೊಳಗೆ ಮದುವೆ, ಮಗು, ಪಾಸ್‌ಪೋರ್ಟು... ಒಳಗೆ ಹೋಗು, ನೋಡು, ಮೇಲೆ ಬಾ. ಮತ್ತೆ ಒಳಗೆ ಹೋಗು. ಎಲ್ಲಾದರೂ ಒಂದು ಮದುವೆಯ ಕನ್ನಡಿಯಲ್ಲಿ, ಒಂದು ಅಂಗಡಿಯ ಗಾಜಿನಲ್ಲಿ ಮಾವ ಸಿಕ್ಕಾರೇನೋ ಅಂತ. ಸಿಕ್ಕರು ಕೂಡ. ಒಂದರಲ್ಲಿ ಮೊಣಕೈ. ಇನ್ನೊಂದರಲ್ಲಿ ಬೋಳುತಲೆ.

ಕಣ್ಣು ಉರಿಯತೊಡಗಿತು. ಮೌಸಿನಿಂದ ಕೈ ತೆಗೆದು ಕನ್ನಡಕ ಒರೆಸಿಕೊಂಡಳು.

ಟಿಕ್... ಟಿಕ್.

ತಿರುಗಿ ನೋಡಿದರೆ ತೆರೆಯ ಮೇಲೆ ಒಂದು ಹೆಸರು ನೀಲಿಯಾಗಿತ್ತು. 'ನ್ಯೂ ಫೋಲ್ಡರ್'. ಯಾವತ್ತೂ ತೆರೆಯದ ಫೋಲ್ಡರು. ಮೌಸು ಇಟ್ಟಲ್ಲೇ ಇತ್ತು. ವೈರು ಸಡಿಲವಾಗಿರಬೇಕು ಅಂದುಕೊಂಡು ಎಸ್ಕೇಪ್ ಒತ್ತಿ, ಬೇರೆ ವರ್ಷಕ್ಕೆ ಹೋದಳು. ಅಲ್ಲಿಂದ ಮೇಲೆ ಬರುವಷ್ಟರಲ್ಲಿ... ಟಿಕ್... ಟಿಕ್. ಅದೇ ಹೆಸರು. ನೀಲಿ. ಕೊನೆಯಲ್ಲಿ ಸಣ್ಣ ಗೆರೆ ಹೊತ್ತಿ ಆರಿ, ಹೊತ್ತಿ ಆರಿ, ಕಾಯುತ್ತಿತ್ತು.

"ತಡೀರಿ ಮಾವ," ಅಂದಳು. "ನಾನು ತೆಗೀತೀನಿ."

ಅಭ್ಯಾಸದಿಂದ ಬಂದ ಮಾತು. ಬಂದಮೇಲೆ ಖಾಲಿ ಸ್ಟೂಲಿನ ಕಡೆ ನೋಡಿದಳು.

ತೆರೆದಳು. ಒಳಗೆ ಇನ್ನೊಂದು ನ್ಯೂ ಫೋಲ್ಡರ್. ಅದೂ ನೀಲಿಯಾಯಿತು. ತೆರೆದಳು. ಅದರೊಳಗೆ ಮತ್ತೊಂದು. ಮೇಲಿನ ಪಟ್ಟಿಯಲ್ಲಿ ದಾರಿಯ ಹೆಸರು ಉದ್ದವಾಗುತ್ತಾ ಹೋಯಿತು, ನ್ಯೂ ಫೋಲ್ಡರ್, ನ್ಯೂ ಫೋಲ್ಡರ್, ನ್ಯೂ ಫೋಲ್ಡರ್... ಕೊನೆಗೆ ಜಾಗ ಸಾಲದೆ, ಹೊರಟದ್ದು ಎಲ್ಲಿಂದ ಅನ್ನುವುದೇ ಕಾಣದಾಯಿತು. ಪ್ರತಿ ಸಲವೂ ಮೊದಲು ಟಿಕ್... ಟಿಕ್. ಆಮೇಲೆ ಅವಳ ಎಂಟರ್.

ಕೆಳಗೆ ಮಿಷನ್ನು ನಿಂತಿತು. ದರ್ಜಿ ಮೆಟ್ಟಿಲ ಬುಡದಿಂದ ಕೂಗಿದ.

"ರಬ್ಬರಕ್ಕಾ! ನಾನು ಅಂಗಡಿ ಮುಚ್ಚಿದೆ. ನೀವಿಬ್ರೂ ಹುಷಾರಾಗಿ ಇಳೀರಿ, ಮೆಟ್ಟಿಲ ದೀಪ ಹೋಗಿದೆ."

"ಇಬ್ರಾ? ನಾನೊಬ್ಳೇ ಕಣಪ್ಪ."

"ಹೌದಾ?" ಅವನ ಬೀಗದ ಕೈ ಗೊಂಚಲು ಝಣ್ ಅಂದಿತು. "ನಿಮ್ಮ ಹಿಂದೇನೇ ಇನ್ನೊಬ್ರು ಹತ್ತಿದ ಸದ್ದಾಯ್ತು. ಪಾಪ, ಒಂದೊಂದೇ ಮೆಟ್ಟಿಲು, ನಿಂತು ನಿಂತು... ಬರ್ತೀನಿ." ಅವನ ಚಪ್ಪಲಿಯ ಪಟಪಟ ಬೇಗ ದೂರವಾಯಿತು. ಬೇಕಾದ್ದಕ್ಕಿಂತ ಬೇಗ.

ಆಗಲೇ ಫೋನು ಗುರ್ ಅಂತ ಮೇಜಿನ ಮೇಲೆ ತಿರುಗಿತು. ಅತ್ತೆ.

"ಸಿಕ್ತೇನೇ?"

"ಇನ್ನೂ ಇಲ್ಲ ಅತ್ತೆ... ಯಾಕೆ ಏದುಸಿರು?"

"ಗೊತ್ತಿಲ್ಲ ಕಣೇ. ಕೂತಲ್ಲೇ ಕೂತಿದ್ದೀನಿ."

"ಸ್ವಲ್ಪ ಮಲಗಿ ಅತ್ತೆ."

"ಅವರನ್ನ ನೋಡಿ ಮಲಗ್ತೀನಿ."

ಕೊನೆಯ ಫೋಲ್ಡರಿನಲ್ಲಿ ಫೋಲ್ಡರ್ ಇರಲಿಲ್ಲ. ಫೋಟೋಗಳಿದ್ದವು, ತುಂಬಾ. ಎಲ್ಲವೂ ಒಬ್ಬರದೇ. ಅವಳದೇ.

ಮಾವ ದಿನಾ ಬೆಳಿಗ್ಗೆ ಗಿರಾಕಿ ಬರುವ ಮೊದಲು ಅವಳನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. "ಕೂತ್ಕೋ ರಬ್ಬರೂ, ಬೆಳಕು ನೋಡ್ಬೇಕು." ದೀಪ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಫೋಟೋ. ನೋಡಿ ಅಳಿಸುತ್ತಾರೆ ಅಂದುಕೊಂಡಿದ್ದಳು. ಒಂದನ್ನೂ ಅಳಿಸಿರಲಿಲ್ಲ. ಬಾಣದ ಕೀಲಿ ಒತ್ತುತ್ತಾ ಹೋದಳು, ಟಕ್, ಟಕ್, ಟಕ್... ನಿದ್ದೆಗಣ್ಣಿನ ತಾನು, ಸಿಡುಕಿನ ತಾನು, ನೆಗಡಿಯ ತಾನು. ಕೂದಲು ಬಿಳಿಯಾಗುತ್ತಿರುವ ತಾನು.

"ನಿಮ್ಮ ಮುಖ ಕೇಳಿದ್ರೆ ನನ್ನ ಮುಖ ತೋರಿಸ್ತೀರಲ್ಲ ಮಾವ," ಅಂದಳು. ಅಳು ಬಂತು.

ಟಿಕ್... ಟಿಕ್. ಕಟ್ಟಕಡೆಯ ಫೋಟೋದ ನಂಬರು ನೀಲಿಯಾಯಿತು. ಅದು ಮಾವ ಆಸ್ಪತ್ರೆ ಸೇರುವ ಮುಂಚಿನ ಕೊನೆಯ ಬೆಳಿಗ್ಗೆಯದು.

ತೆರೆದಳು. ಅವಳ ಕಣ್ಣು ಮೊದಲು ಹೋದದ್ದು, ಕಸುಬಿನವಳ ಕಣ್ಣಲ್ಲವೇ, ಕನ್ನಡಕದ ಮೇಲಿನ ಹೊಳಪಿಗೆ. ಅಳಿಸಬೇಕಾದದ್ದು. ದೊಡ್ಡದು ಮಾಡಿದಳು. ಇನ್ನೂ ದೊಡ್ಡದು.

ಹೊಳಪಿನೊಳಗೆ ಮಾವ ನಿಂತಿದ್ದರು.

ಸ್ಟ್ಯಾಂಡಿನ ಮೇಲಿನ ಕ್ಯಾಮರಾದ ಪಕ್ಕದಲ್ಲಿ, ದೂರದಿಂದ ಫೋಟೋ ತೆಗೆಯುವ ವೈರಿನ ಗುಂಡಿ ಕೈಯಲ್ಲಿ. ಮುಖದ ಮುಂದೆ ಏನೂ ಇಲ್ಲ. ಅಂಗೈಯೂ ಇಲ್ಲ. "ನಗೇ ರಬ್ಬರೂ" ಅಂತ ಹೇಳಿ ತಾವೇ ನಗುತ್ತಿರುವ ಮುಖ. ತುಂಬಿದ ಕೆನ್ನೆ. ಇಷ್ಟು ವರ್ಷ ಅವಳು ಬೇರೆಯವರ ಕನ್ನಡಕದಿಂದ ಒರೆಸಿ ಒರೆಸಿ ತೆಗೆದಿದ್ದ ಬಿಳಿ ಚುಕ್ಕೆಗಳಲ್ಲೆಲ್ಲ ಮಾವ ಇದ್ದರು.

ಆ ಚೂರನ್ನು ಕತ್ತರಿಸಿದಳು. ಕನ್ನಡಕದಲ್ಲಿ ತಿರುಗುಮುರುಗಾಗಿದ್ದದ್ದನ್ನು ಸರಿ ಮಾಡಿದಳು. ಮಸುಕು ತೆಗೆದಳು. ಆಗ ಕಂಡದ್ದು, ಮಾವನ ಹಿಂದೆ ಇನ್ನೊಬ್ಬರು. ತಲೆಯ ಮೇಲೆ ಶಾಲು ಹೊದ್ದ ಹೆಂಗಸು. ಮುಖ ಕಾಣದು. ಮಾವನಿಗೆ ಒತ್ತಿಕೊಂಡು ನಿಂತಿದ್ದಾಳೆ. ಆ ಬೆಳಿಗ್ಗೆ ಸ್ಟುಡಿಯೋದಲ್ಲಿ ತಾವಿಬ್ಬರೇ ಇದ್ದದ್ದು ಅವಳಿಗೆ ನೆನಪಿತ್ತು. ಆದರೂ ಯಾರೋ ಬೇಗ ಬಂದ ಗಿರಾಕಿ ಅಂದುಕೊಂಡಳು. ಅತ್ತೆಗೆ ಬೇಕಾದದ್ದು ಮಾವ. ಪಕ್ಕದಲ್ಲಿ ಯಾರೋ ಹೆಂಗಸು ಯಾಕೆ?

ಅಳಿಸಿದಳು.

ಶಾಲು, ತಲೆ, ತೋಳು... ಹಿಂದಿನ ಗೋಡೆಯ ಬಣ್ಣ ತಂದು ತಂದು ಹಚ್ಚಿದಳು. ಹಳೆಯದರ ಮೇಲೆಯೇ ಉಳಿಸಲೇ ಅಂತ ಕಂಪ್ಯೂಟರು ಕೇಳಿತು. ಕಣ್ಣು ಎಳೆಯುತ್ತಿತ್ತು. ಹೂಂ ಅಂತ ಎಂಟರ್ ಒತ್ತಿದಳು.

ಫ್ಯಾನಿನ ಸದ್ದು ಒಮ್ಮೆಲೇ ನಿಂತು, ಮತ್ತೆ ಗುಂಯ್ ಅಂತ ಎದ್ದಿತು.

ಪ್ರಿಂಟರು ಜ್ಜೂ... ಕಟಕ್... ಜ್ಜೂ... ಅಂತ ಮಾವನನ್ನು ಹೊರಗೆ ಬಿಡುವಷ್ಟರಲ್ಲಿ, ಅತ್ತೆ ಕಾಯುವುದು ಬೇಡ ಅಂತ ಫೋಟೋವನ್ನು ಅವರ ಫೋನಿಗೂ ಕಳಿಸಿದಳು. ತಕ್ಷಣ ಅತ್ತೆಯಿಂದ ಕರೆ.

"ಇವರೇ ಕಣೇ," ಅಂದರು ಅತ್ತೆ. ಬಹಳ ಸಣ್ಣ ದನಿ, ದೂರದಿಂದ. "ಇವರೇ... ಇದೇ ಮುಖ."

"ನೆಮ್ಮದಿ ಆಯ್ತಾ ಅತ್ತೆ?"

"ಆಯ್ತು..." ಉಸಿರು. ಇನ್ನೊಂದು ಉಸಿರು. "ಪಕ್ಕದಲ್ಲಿ ನಾನಿದ್ನಲ್ಲೇ. ನನ್ನನ್ನ ಯಾಕೆ ಅಳಿಸಿದೆ?"

ಕರೆ ಹೋಯಿತು.

ಅವಳು ಹೇಗೆ ಇಳಿದಳು, ಬೀಗ ಹಾಕಿದಳೋ ಇಲ್ಲವೋ, ನೆನಪಿಲ್ಲವಂತೆ. ಬಾವಿಯ ಪಕ್ಕ ಓಡುವಾಗ ಹನಿಯ ಸದ್ದಿರಲಿಲ್ಲ, ಅದೊಂದು ನೆನಪಿದೆ. ಮನೆಯಲ್ಲಿ ದೀಪ ಉರಿಯುತ್ತಿತ್ತು. ಪಕ್ಕದ ಮನೆಯಾಕೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅತ್ತೆ ಅದೇ ಕುರ್ಚಿಯಲ್ಲಿ, ಶಾಲು ತಲೆಯ ಮೇಲೆ ಹೊದ್ದು ಕೂತಿದ್ದರು. ತೊಡೆಯ ಮೇಲೆ ಫೋನು, ಅದರಲ್ಲಿ ಮಾವ. ಕೈ ಮುಟ್ಟಿದರೆ... ತಣ್ಣಗೆ.

"ಈಗ ತಾನೇ ಮಾತಾಡ್ತಾ ಇದ್ರಲ್ಲ," ಅಂತ ಪಕ್ಕದ ಮನೆಯಾಕೆ ಎಚ್ಚೆತ್ತು ಬಾಯಿ ಬಡಿದುಕೊಂಡಳು. "ನಗ್ತಾ ಇದ್ರು..."

ಬೆಳಿಗ್ಗೆ ಮಾವನನ್ನು ತಂದು ಅತ್ತೆಯ ಪಕ್ಕದಲ್ಲೇ ಮಲಗಿಸಿದರು. ಆ ಮುಖವನ್ನು ಅತ್ತೆ ನೋಡಬೇಕಾಗಲಿಲ್ಲ.

ರಬ್ಬರು ಸ್ಟುಡಿಯೋಗೆ ಹೋಗಿ, ಅಳಿಸಿದ್ದನ್ನು ವಾಪಸು ತರಲು ನೋಡಿದಳು. ಬರಲಿಲ್ಲ. ಹಳೆಯದರ ಮೇಲೆ ಉಳಿಸಿದ್ದು ವಾಪಸು ಬರುವುದಿಲ್ಲ. ನೀಲಿಯಾಗುವುದೂ ಆಮೇಲೆ ನಿಂತುಹೋಯಿತು. ಇವತ್ತಿಗೂ ಅವಳು ಕೆಲಸ ಮಾಡುವುದು ಅಲ್ಲೇ. ಆದರೆ ಹೊಟ್ಟೆಪಾಡಿಗೆ ಮೊಡವೆ ಅಳಿಸುತ್ತಾಳೆಯೇ ಹೊರತು ಮನುಷ್ಯರನ್ನು ಅಳಿಸುವುದಿಲ್ಲ. ಮದುವೆಯ ಫೋಟೋದಲ್ಲಿ ಬೇಡದ ಭಾವನನ್ನು ತೆಗೆದುಹಾಕಿ ಅಂತ ಯಾರಾದರೂ ಬಂದರೆ ಎದ್ದು ಒಳಗೆ ಹೋಗುತ್ತಾಳೆ.

ಆ ರಾತ್ರಿ ಪ್ರಿಂಟರಿನಿಂದ ಬಂದ ಫೋಟೋ ಸ್ಟುಡಿಯೋದ ಗೋಡೆಯಲ್ಲಿದೆ. ಕಂಪ್ಯೂಟರಿನಲ್ಲಿರುವುದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಮಾವ ಒಬ್ಬರೇ, ಹೆಗಲ ಮೇಲೆ ಏನೂ ಇಲ್ಲ. ಗೋಡೆಯದು ಬೇರೆ. ಸುಳ್ಳು ಹೇಳಿ ನನಗೇನಾಗಬೇಕು? ಗಾಜಿಗೆ ಮೂಗು ತಾಗಿಸಿ ನಾನೇ ನೋಡಿದ್ದೇನೆ. ನಂಬಿಕೆ ಇಲ್ಲದವರು ಬನ್ನಿ, ಕರೆದುಕೊಂಡು ಹೋಗುತ್ತೇನೆ. ಹಗಲು ಹೊತ್ತು ಬನ್ನಿ.

ಮಾವನ ಹೆಗಲ ಮೇಲೆ ಹಿಂದಿನಿಂದ ಬಂದ ನಾಲ್ಕು ಬೆರಳಿವೆ. ಕಿರುಬೆರಳು ಸೊಟ್ಟಗಿದೆ.