ಖಾಲಿ ಬಿದ್ದ ಕುರ್ಚಿ

ಮಾಗಿಯ ಚಳಿ ಇನ್ನೂ ಬಿಟ್ಟಿರದ ಮುಂಜಾನೆ, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಗಾಳೆಪ್ಪ ಕುಷ್ಟಗಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಅಣ್ಣ-ತಂಗಿ ಒಂದೇ ಫೋನಿಗೆ ಜಗಳ ತೆಗೆದಿದ್ದರು. ಅದರೊಳಗೆ ಫುಟ್‌ಬಾಲ್ ತಂಡವೊಂದಕ್ಕೆ ಮ್ಯಾನೇಜರ್ ಆಗಿ ಆಡಿಸುವ ಆಟವಿತ್ತು.

"ಸೀಸನ್ ನಡುವ ನಮ್ಮ ಟೀಮ್ ಬಿಟ್ಟು ಹೋದಿಯಲ್ಲ ಅಣ್ಣಾ, ನನ್ನ ಒಂದ ಮಾತರ ಕೇಳಿದೇನು?"

"ದೊಡ್ಡ ಕ್ಲಬ್ಬು ತಾನಾಗೇ ಕರೀತು, ಸುಮಂಗಲಾ. ಒಲ್ಲೆ ಅನ್ಲೇನು?"

"ಎಲ್ಲಾರಕಿಂತ ಕೆಳಗಿದ್ದ ಟೀಮ್ ಅದು. ಇಬ್ರೂ ಕೂಡಿ ಮ್ಯಾಲೆತ್ತಿದ್ವಿ. ಆ ಗೋಲ್‌ಕೀಪರನ್ನ ಹುಡುಕಿ ತಂದಾಕಿ ನಾನು!"

"ಆಟ ಅದು, ಹುಚ್ಚಿ."

"ಆಟ ಆದ್ರೇನಾತು? ಯುಗಾದಿಗೆ ನಿಂತ ಆಳು ಸುಗ್ಗಿ ಮುಗಿಸದೆ ಧಣಿ ಮನಿ ಬಿಡ್ತಾನೇನು? ನಮ್ಮಜ್ಜ ಬಿಟ್ಟಿದ್ನಾ?"

ಅರ್ಧ ಆಯುಷ್ಯ ಹಾಗೆಯೇ ಯುಗಾದಿಯಿಂದ ಯುಗಾದಿಗೆ ಆಳಾಗಿ ದುಡಿದಿದ್ದ ಗಾಳೆಪ್ಪ, ಇಲ್ಲವೆಂದು ತಾನೇ ತಲೆಯಾಡಿಸಿದ.

ಸುಮಂಗಲಾ ಫೋನಿನ ಕಡೆ ಬೆರಳು ತೋರಿಸಿದಳು.

"ಈಗ ನೀ ಬಿಟ್ಟ ಮ್ಯಾನೇಜರ್ ಕುರ್ಚಿ ಖಾಲಿ ಐತಲ್ಲ?"

"ಐತಿ."

"ಅಲ್ಲಿ ನನ್ನ ಹೆಸರು ಹಾಕು."

"ಹಂಗಾದ್ರ ನಾವಿಬ್ರೂ ಎದರಾಬದರು ಆಡಬೇಕಾಗ್ತೈತಿ."

"ಆಡೂಣು. ನಿನ್ನ ದೊಡ್ಡ ಕ್ಲಬ್ಬಿನ ಸೊಕ್ಕು ಇಳಿಸಲಿಲ್ಲಂದ್ರ ಕೇಳು."

ಯಲಬುರ್ಗಾ ಬಸ್ಸು ಬಂತು. ಸುಮಂಗಲಾ ಫೋನು ಕಸಿದುಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದಳು, ಅಣ್ಣ ಹಿಂದಿನ ಬಾಗಿಲಲ್ಲಿ. ಹಾಗೆ ಇಬ್ಬರೂ ಒಂದೇ ಊರಿಗೆ ಬೇರೆ ಬೇರೆ ಕೂತು ಹೋದರು.